ಬೆಲ್ಲದಿಂದ ಪ್ಲಾಸ್ಟಿಕ್: ಹಾಳೆ ಬಂತು, ಇನ್ನು ಅದು ಮುರಿಯದ ಹಾಗೆ ಮಾಡಬೇಕು

ಬ್ಯಾಕ್ಟೀರಿಯಾಗೆ ಬೆಲ್ಲ ತಿನ್ನಿಸಿ ಪ್ಲಾಸ್ಟಿಕ್ ಮಾಡಿಸುವ ಈ ಪ್ರಯೋಗದ ಕಳೆದ ಕಂತು ಬರೆದಾಗ ನನ್ನ ಹತ್ತಿರ ಇದ್ದದ್ದು ಒಂದು ಚಿಟಿಕೆ ಬಿಳಿ ಪುಡಿ ಮಾತ್ರ. ಈಗ ಹಾಳೆ ಬಂದಿದೆ. ಪೆಟ್ರಿ ತಟ್ಟೆಯ ಅಗಲದ, ಸ್ವಲ್ಪ ಹಾಲುಬಣ್ಣದ, ತೆಳ್ಳಗಿನ ಹಾಳೆ. ಮಾಡಿದ ದಿನ ಚೆನ್ನಾಗಿ ಬಗ್ಗುತ್ತದೆ. ಕೆಲವು ವಾರ ಡಬ್ಬಿಯಲ್ಲಿಟ್ಟು ಮತ್ತೆ ಬಗ್ಗಿಸಿದರೆ ಹಪ್ಪಳದ ಹಾಗೆ ಲಟಕ್ ಅಂತ ಮುರಿಯುತ್ತದೆ. ಈ ಕಂತು ಪೂರ್ತಿ ಆ ಮುರಿಯುವುದರ ಬಗ್ಗೆಯೇ. ಬ್ಯಾಕ್ಟೀರಿಯಾ ಕೈಲಿ ಪ್ಲಾಸ್ಟಿಕ್ ಮಾಡಿಸುವುದು ಅಷ್ಟು ಕಷ್ಟ ಅಲ್ಲ, ಆ ವಿದ್ಯೆ ಅವಕ್ಕೆ ಮೊದಲಿಂದಲೂ ಗೊತ್ತು. ಬಂದ ಪ್ಲಾಸ್ಟಿಕ್ ಬಳಕೆಗೆ ನಿಲ್ಲುವ ಹಾಗೆ ಮಾಡುವುದು ಇದೆಯಲ್ಲ, ಅಲ್ಲೇ ಎಲ್ಲ ಕೆಲಸ ಇರುವುದು.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಕೆಲವು ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಜಾಸ್ತಿ ಸಿಕ್ಕಿ ಸಾರಜನಕವೋ ರಂಜಕವೋ ಕಡಿಮೆ ಬಿದ್ದರೆ ಅವು ಮುಂದೆ ಬೆಳೆಯಲು ಆಗುವುದಿಲ್ಲ. ಆಗ ಮಿಕ್ಕ ಇಂಗಾಲವನ್ನು ಮೈಯೊಳಗೇ ಸಣ್ಣ ಉಂಡೆಗಳಾಗಿ ಕಟ್ಟಿಟ್ಟುಕೊಳ್ಳುತ್ತವೆ. ಆ ಉಂಡೆಯೇ ಪಾಲಿಎಸ್ಟರ್. ಈ ಕುಟುಂಬಕ್ಕೆಲ್ಲ ಸೇರಿ ಪಿಎಚ್‌ಎ (ಪಾಲಿಹೈಡ್ರಾಕ್ಸಿಆಲ್ಕನೋಯೇಟ್) ಎನ್ನುತ್ತಾರೆ, ಅದರಲ್ಲಿ ಎಲ್ಲಕ್ಕಿಂತ ಸರಳವಾದದ್ದು ಪಿಎಚ್‌ಬಿ (ಪಾಲಿಹೈಡ್ರಾಕ್ಸಿಬ್ಯೂಟಿರೇಟ್). ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೊರಿಸ್ ಲೆಮ್ವಾಞ್ 1926ರಷ್ಟು ಹಿಂದೆಯೇ ಇದನ್ನು ಬ್ಯಾಸಿಲಸ್ ಮೆಗಾಟೇರಿಯಮ್‌ನಲ್ಲಿ ಕಂಡಿದ್ದ. ಕೋಶದೊಳಗೆ ಮೂರು ಕಿಣ್ವಗಳ ಕೆಲಸ ಇದು. ಮೊದಲನೆಯದು ಎರಡು ಅಸಿಟೈಲ್ ತುಂಡು ಜೋಡಿಸುತ್ತದೆ, ಎರಡನೆಯದು ಅದಕ್ಕೆ ಹೈಡ್ರೋಜನ್ ಸೇರಿಸುತ್ತದೆ, ಮೂರನೆಯದು ಆ ಕೊಂಡಿಗಳನ್ನು ಸಾವಿರಾರು ಉದ್ದದ ಸರಪಳಿ ಮಾಡುತ್ತದೆ. ಮಣ್ಣಿಗೆ ಹಾಕಿದರೆ ಅಲ್ಲಿರುವ ಬೇರೆ ಸೂಕ್ಷ್ಮಜೀವಿಗಳು ಇದನ್ನು ಬಿಡಿಸಿ ತಿಂದುಬಿಡುತ್ತವೆ. ಕರಗಿಸಿ ಅಚ್ಚಿಗೂ ಹಾಕಬಹುದು, ಸುಮಾರು 175 ಡಿಗ್ರಿಗೆ ಕರಗುತ್ತದೆ. ಇಷ್ಟೆಲ್ಲ ಒಳ್ಳೆಯ ಗುಣ ಇದ್ದೂ ಅಂಗಡಿಯಲ್ಲಿ ಪಿಎಚ್‌ಬಿ ಚೀಲ ಕಾಣದಿರಲು ಎರಡು ಕಾರಣ. ಒಂದು ಬೆಲೆ, ಇನ್ನೊಂದು ಈ ಪೆಡಸುತನ. ಪಾಲಿಪ್ರಾಪಿಲೀನ್ ಎಳೆದರೆ ತನ್ನ ಉದ್ದದ ನಾಲ್ಕು ಪಟ್ಟು ಹಿಗ್ಗಿ ಆಮೇಲೆ ಹರಿಯುತ್ತದೆ. ಪಿಎಚ್‌ಬಿ ಶೇ. 5ರಷ್ಟು ಹಿಗ್ಗುವಷ್ಟರಲ್ಲೇ ತುಂಡಾಗುತ್ತದೆ.

ತಳಿ ಮತ್ತು ಊಟ

ತಳಿ ಅದೇ, ಬದಲಿಸಿಲ್ಲ. ಮಂಡ್ಯದ ಹತ್ತಿರದ ಒಂದು ಆಲೆಮನೆಯ ಹಿಂದಿನ ಮಣ್ಣಿನಿಂದ ತೆಗೆದದ್ದು. ಮಣ್ಣನ್ನು ನೀರಲ್ಲಿ ಕಲಸಿ 80 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟರೆ ಸ್ಪೋರ್ (ಕಷ್ಟಕಾಲ ತಡೆದುಕೊಳ್ಳುವ ಗಟ್ಟಿ ಕವಚದ ರೂಪ) ಕಟ್ಟುವ ಬ್ಯಾಸಿಲಸ್ ಜಾತಿಯವು ಮಾತ್ರ ಉಳಿಯುತ್ತವೆ. ಅವುಗಳನ್ನು ತಟ್ಟೆಯಲ್ಲಿ ಬೆಳೆಸಿ ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ದಪ್ಪ ದಪ್ಪ ಕೋಶ, ಒಳಗೆ ಕಪ್ಪು ಉಂಡೆಗಳು. ಜೀನ್ ಓದಿಸಲು ಹೊರಗೆ ಕಳಿಸಿದಾಗ ಬಂದ ಹೆಸರು ಲೆಮ್ವಾಞ್ ನೋಡಿದ ಅದೇ ಮೆಗಾಟೇರಿಯಮ್. 2020ರಿಂದ ಅದನ್ನು ಪ್ರೀಸ್ಟಿಯಾ ಮೆಗಾಟೇರಿಯಮ್ ಎಂದು ಕರೆಯುತ್ತಾರೆ.

ಕಾರ್ಖಾನೆಗಳವರು ಜಾಸ್ತಿ ನೆಚ್ಚಿಕೊಂಡಿರುವುದು ಕ್ಯುಪ್ರಿಯಾವಿಡಸ್ ನೆಕೇಟರ್ ಎಂಬ ಬೇರೆ ಬ್ಯಾಕ್ಟೀರಿಯಾವನ್ನು. ಅದು ಒಣತೂಕದ ಶೇ. 80ಕ್ಕೂ ಮೇಲೆ ಪಿಎಚ್‌ಬಿ ತುಂಬಿಕೊಳ್ಳುತ್ತದೆ. ನನ್ನದು ಮೂರರಲ್ಲಿ ಒಂದು ಭಾಗದ ಆಸುಪಾಸಿನಲ್ಲೇ ನಿಂತಿದೆ. ಆದರೂ ನಾನು ಇದನ್ನೇ ಹಿಡಿದುಕೊಂಡಿರುವುದಕ್ಕೆ ಗಟ್ಟಿ ಕಾರಣ ಇದೆ. ನೆಕೇಟರ್‌ನ ಮೂಲ ತಳಿಗೆ ಕಬ್ಬಿನ ಸಕ್ಕರೆ ತಿನ್ನಲು ಬರುವುದಿಲ್ಲ, ಮೊದಲು ಅದನ್ನು ಒಡೆದು ಕೊಡಬೇಕು. ಮೆಗಾಟೇರಿಯಮ್ ಕಬ್ಬಿನ ಸಕ್ಕರೆಯನ್ನು ನೇರವಾಗಿ ತಿನ್ನುತ್ತದೆ. ನಾನು ಕೊಡುವುದು ಆಲೆಮನೆಯಲ್ಲಿ ಬಣ್ಣ ಕಪ್ಪಾಗಿ ಒಳ್ಳೆಯ ರೇಟು ಸಿಗದೆ ಉಳಿದ ಬೆಲ್ಲ. ಲೀಟರಿಗೆ 20 ಗ್ರಾಂ ಬೆಲ್ಲ, ಒಂದು ಗ್ರಾಂ ಅಮೋನಿಯಂ ಸಲ್ಫೇಟ್, ಸ್ವಲ್ಪ ಫಾಸ್ಫೇಟ್, ಚಿಟಿಕೆ ಮೆಗ್ನೀಸಿಯಂ ಸಲ್ಫೇಟ್. ಕುಕ್ಕರಿನಲ್ಲಿ ಬೇಯಿಸಿ ಆರಿಸಿ, 30 ಡಿಗ್ರಿಯಲ್ಲಿ ಶೇಕರ್ ಮೇಲೆ.

ಎರಡನೇ ಕಾರಣ ವೈದ್ಯಕೀಯಕ್ಕೆ ಸೇರಿದ್ದು, ಕೆಳಗೆ ಬರುತ್ತದೆ.

ಈ ತಳಿಯಲ್ಲಿ ಒಂದು ತೊಡಕು ಇದೆ, ಇದೇ ಕೆಲಸ ಮಾಡುವ ಮನಸ್ಸಿರುವವರು ಗಮನಿಸಬೇಕು. ಊಟ ಮುಗಿಯುತ್ತಾ ಬಂದ ಹಾಗೆ ಮೆಗಾಟೇರಿಯಮ್ ಸ್ಪೋರ್ ಕಟ್ಟಲು ಶುರು ಮಾಡುತ್ತದೆ, ಸ್ಪೋರ್ ಕಟ್ಟಲು ಬೇಕಾದ ಶಕ್ತಿಗೆ ತಾನು ಕೂಡಿಟ್ಟ ಪಿಎಚ್‌ಬಿಯನ್ನೇ ಕರಗಿಸುತ್ತದೆ. ಪೊಟ್ಯಾಸಿಯಂ ಕಡಿಮೆ ಕೊಟ್ಟರೆ ಬ್ಯಾಸಿಲಸ್‌ಗಳು ಸ್ಪೋರ್ ಕಟ್ಟುವುದು ತಗ್ಗುತ್ತದೆ ಎನ್ನುವುದು ಗೊತ್ತಿರುವ ವಿಷಯ. ಆದರೆ ಬೆಲ್ಲದಲ್ಲೇ ಪೊಟ್ಯಾಸಿಯಂ ಧಾರಾಳವಾಗಿದೆ, ಹಾಗಾಗಿ ಆ ದಾರಿ ನನಗೆ ಮುಚ್ಚಿದೆ. ನಾನು ಹಿಡಿದಿರುವುದು ಸಮಯದ ದಾರಿ. ಎರಡನೇ ದಿನದಿಂದ ಕೆಲವು ಗಂಟೆಗೊಮ್ಮೆ ಒಂದು ಹನಿ ತೆಗೆದು ಬಣ್ಣ ಹಾಕಿ ನೋಡುತ್ತೇನೆ. ಉಂಡೆಗಳು ದಪ್ಪಗೆ ತುಂಬಿರುವಾಗ, ಹೊಳೆಯುವ ಸ್ಪೋರ್‌ಗಳು ಅಲ್ಲೊಂದು ಇಲ್ಲೊಂದು ಕಂಡ ಕೂಡಲೇ ನಿಲ್ಲಿಸಿ ಸೆಂಟ್ರಿಫ್ಯೂಜ್‌ಗೆ ಹಾಕುತ್ತೇನೆ. ಎಷ್ಟು ಪಿಎಚ್‌ಬಿ ಬಂತು ಎನ್ನುವುದಕ್ಕೆ ಹಳೆಯ ವಿಧಾನವೇ ಸಾಕು: ಗಂಧಕಾಮ್ಲದಲ್ಲಿ ಕಾಯಿಸಿದರೆ ಅದು ಕ್ರೋಟಾನಿಕ್ ಆಮ್ಲ ಆಗುತ್ತದೆ, ಅದನ್ನು 235 ನ್ಯಾನೋಮೀಟರ್‌ನಲ್ಲಿ ಅಳೆಯಬಹುದು. 1961ರಿಂದ ಜನ ಇದನ್ನು ಬಳಸುತ್ತಿದ್ದಾರೆ, ಕಾಲೇಜಿನ ಯುವಿ ಯಂತ್ರದಲ್ಲಿ ಸಲೀಸಾಗಿ ಆಗುತ್ತದೆ. ಈ ಆಮ್ಲದ ಕೆಲಸ, ಕ್ಲೋರೋಫಾರ್ಮ್ ಕೆಲಸ ಎರಡನ್ನೂ ಪರಿಚಯದ ಲೆಕ್ಚರರ್ ಒಬ್ಬರ ಕಾಲೇಜ್ ಲ್ಯಾಬಿನಲ್ಲಿ, ಫ್ಯೂಮ್ ಹುಡ್ ಒಳಗೆ ಮಾಡುತ್ತೇನೆ. ದಯವಿಟ್ಟು ಯಾರೂ ಇವನ್ನು ಅಡುಗೆಮನೆಯಲ್ಲಿ ಮಾಡಬೇಡಿ.

ಸರಪಳಿ ತುಂಡಾಗದ ಹಾಗೆ ಹೊರಗೆ ತೆಗೆಯುವುದು

ಹಾಳೆ ಮುರಿಯುವುದಕ್ಕೆ ಮೊದಲು ನಾನು ಅನುಮಾನಪಟ್ಟದ್ದು ಸರಪಳಿಯ ಉದ್ದದ ಮೇಲೆ. ಸರಪಳಿ ಉದ್ದವಾದಷ್ಟೂ ಅಣುತೂಕ ಜಾಸ್ತಿ. ಪಿಎಚ್‌ಬಿಯ ಅಣುತೂಕ 4 ಲಕ್ಷದಿಂದ ಕೆಳಗೆ ಬಂದರೆ ಹಾಳೆಯ ಗುಣ ಕುಸಿಯುತ್ತದೆ, 2 ಲಕ್ಷದ ಕೆಳಗೆ ತೀರಾ ಪೆಡಸು. ಕೋಶದಲ್ಲಿ ಕಟ್ಟಿದ ಸರಪಳಿ ಉದ್ದವೇ ಇರುತ್ತದೆ, ನಾವು ಹೊರಗೆ ತೆಗೆಯುವಾಗ ಕತ್ತರಿಸಿಬಿಡುತ್ತೇವೆ. ಕೋಶ ಒಡೆಯಲು ಎಲ್ಲಕ್ಕಿಂತ ಅಗ್ಗದ ಉಪಾಯ ಸೋಡಿಯಂ ಹೈಪೋಕ್ಲೋರೈಟ್, ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣ. ಅದು ಕೋಶದ ಪ್ರೋಟೀನನ್ನೆಲ್ಲ ಕರಗಿಸಿ ಬೆಳ್ಳಗಿನ ಪಿಎಚ್‌ಬಿ ಬಿಡುತ್ತದೆ. ನೋಡಲು ಬಹಳ ಚೆಂದ. ಆದರೆ ಜೊತೆಗೆ ಪಿಎಚ್‌ಬಿಯ ಸರಪಳಿಯನ್ನೂ ಕಡಿಯುತ್ತದೆ. 1989ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಹೀಗೆ ತೆಗೆದಾಗ 12 ಲಕ್ಷ ಇದ್ದ ಅಣುತೂಕ 6 ಲಕ್ಷಕ್ಕೆ ಇಳಿದಿತ್ತು.

ಕೊರಿಯಾದ ಸಂಶೋಧಕರು 1994ರಲ್ಲಿ ಇದಕ್ಕೊಂದು ಸೊಗಸಾದ ದಾರಿ ತೋರಿಸಿದರು. ಒಣಗಿದ ಕೋಶಕ್ಕೆ ಹೈಪೋಕ್ಲೋರೈಟ್ ಮತ್ತು ಕ್ಲೋರೋಫಾರ್ಮ್ ಎರಡನ್ನೂ ಒಟ್ಟಿಗೆ ಹಾಕಿ ಅಲುಗಿಸುವುದು. ಕೋಶ ಒಡೆದ ಕ್ಷಣವೇ ಪಿಎಚ್‌ಬಿ ಕ್ಲೋರೋಫಾರ್ಮ್‌ಗೆ ಇಳಿದುಹೋಗುತ್ತದೆ, ಹೈಪೋಕ್ಲೋರೈಟ್ ಕೈಗೆ ಸಿಗುವುದಿಲ್ಲ. ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಮೂರು ಪದರ: ಮೇಲೆ ಹೈಪೋಕ್ಲೋರೈಟ್ ನೀರು, ನಡುವೆ ಕೋಶದ ಕಸ, ತಳದಲ್ಲಿ ಪಿಎಚ್‌ಬಿ ಕರಗಿದ ಕ್ಲೋರೋಫಾರ್ಮ್. ತಳದ್ದನ್ನು ಹುಷಾರಾಗಿ ಎಳೆದು, ಸೋಸಿ, ತಣ್ಣನೆ ಮೆಥನಾಲ್‌ಗೆ ಸಣ್ಣ ಧಾರೆಯಾಗಿ ಬಿಟ್ಟರೆ ಬಿಳಿ ಎಳೆಗಳು ಗರಿಬಿಚ್ಚುತ್ತವೆ. ಅದನ್ನು ಮೊದಲ ಸಲ ನೋಡಿದಾಗ ಆದ ಖುಷಿ ಹೇಳತೀರದು. ಒಂದು ಎಚ್ಚರಿಕೆ: ಹೈಪೋಕ್ಲೋರೈಟ್ ಪದರ ಪೂರ್ತಿ ಬೇರೆ ಆಗುವವರೆಗೆ ಆಲ್ಕೋಹಾಲ್ ಬಾಟಲಿ ಹತ್ತಿರ ತರಬಾರದು, ಹೈಪೋಕ್ಲೋರೈಟ್ ಇರುವ ಕಡೆ ಆಮ್ಲ ಅಂತೂ ತರಲೇಬಾರದು.

ಅಣುತೂಕ ಅಳೆಯಲು ದೊಡ್ಡ ಯಂತ್ರ ಬೇಕು ಅಂದುಕೊಂಡು ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಬೇಕಿಲ್ಲ. ಬಿಎಸ್ಸಿ ಲ್ಯಾಬಿನಲ್ಲಿ ಧೂಳು ತಿನ್ನುತ್ತಾ ಕೂತ ಆಸ್ಟ್‌ವಾಲ್ಡ್ ವಿಸ್ಕೋಮೀಟರ್ (ದ್ರವ ಎಷ್ಟು ಮಂದ ಎಂದು ಅಳೆಯುವ ಗಾಜಿನ ಕೊಳವೆ) ಇರುತ್ತದಲ್ಲ, ಅದು ಸಾಕು. 30 ಡಿಗ್ರಿಯ ನೀರಿನ ತೊಟ್ಟಿಯಲ್ಲಿಟ್ಟು, ಬೇರೆ ಬೇರೆ ಸಾಂದ್ರತೆಯ ತೆಳು ದ್ರಾವಣಗಳು ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ನೋಡಿ, ಗ್ರಾಫ್ ಹಾಕಿ ಸೊನ್ನೆ ಸಾಂದ್ರತೆಗೆ ಎಳೆಯಬೇಕು. ಅದರಿಂದ ಅಣುತೂಕ ಲೆಕ್ಕ ಹಾಕಲು, ಕ್ಲೋರೋಫಾರ್ಮ್‌ನಲ್ಲಿ ಕರಗಿದ ಪಿಎಚ್‌ಬಿಗೆ ಬೇಕಾದ ಸ್ಥಿರಾಂಕಗಳು ಎಲ್ಲರೂ ಬಳಸುವಂಥವೇ. ನನ್ನ ಬರೀ ಬ್ಲೀಚ್ ಮಾದರಿ 4 ಲಕ್ಷದ ಹತ್ತಿರ ನಿಂತಿತು. ಎರಡನ್ನೂ ಒಟ್ಟಿಗೆ ಹಾಕಿದ್ದು 7 ಲಕ್ಷದ ಆಸುಪಾಸು. ಒಂದೇ ಬ್ಯಾಚಿನ ಕೋಶ, ಎರಡು ದಾರಿ, ಇಷ್ಟು ವ್ಯತ್ಯಾಸ.

7 ಲಕ್ಷದ ಹಾಳೆ ನಿಜಕ್ಕೂ ಗಟ್ಟಿ. ಆದರೆ ಕೆಲವು ವಾರದ ನಂತರ ಅದೂ ಮುರಿಯಿತು. ಅಂದರೆ ತಪ್ಪು ಬರೀ ಸರಪಳಿಯ ಉದ್ದದಲ್ಲಿಲ್ಲ.

ಹರಳು

ಈ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಬ್ಯಾಕ್ಟೀರಿಯಾ ಕಟ್ಟುವ ಪಿಎಚ್‌ಬಿಯಲ್ಲಿ ಪ್ರತಿ ಕೊಂಡಿಯೂ ಒಂದೇ ಕಡೆಗೆ ತಿರುಗಿರುತ್ತದೆ. ಅಷ್ಟು ಅಚ್ಚುಕಟ್ಟಾದ ಸರಪಳಿಗಳು ಒಂದರ ಪಕ್ಕ ಒಂದು ಕೂತು ಹರಳುಗಟ್ಟುವುದು ಸಹಜ. ಅರ್ಧಕ್ಕಿಂತ ಜಾಸ್ತಿ ಭಾಗ ಹರಳೇ ಆಗಿಬಿಡುತ್ತದೆ. ಹರಳಾಗದ ಮಿಕ್ಕ ಭಾಗವೇ ಹಾಳೆಗೆ ಬಾಗುವ ಗುಣ ಕೊಡುವುದು. ತೊಂದರೆ ಎಲ್ಲಿದೆ ಅಂದರೆ, ಆ ಮೆತ್ತಗಿನ ಭಾಗ ಗಾಜಿನ ಹಾಗೆ ಬಿಗಿದು ಸುಮ್ಮನಾಗುವುದು ಸುಮಾರು 4 ಡಿಗ್ರಿಯಲ್ಲಿ. ನಮ್ಮ ಕೋಣೆಯ ಉಷ್ಣತೆ 25, 30. ಹಾಗಾಗಿ ಡಬ್ಬಿಯಲ್ಲಿ ಇಟ್ಟ ಹಾಳೆಯಲ್ಲೂ ಸರಪಳಿಗಳು ನಿಧಾನವಾಗಿ ಸರಿಯುತ್ತಲೇ ಇರುತ್ತವೆ, ಹರಳು ಬೆಳೆಯುತ್ತಲೇ ಇರುತ್ತದೆ, ಮೆತ್ತಗಿನ ಭಾಗ ಹರಳುಗಳ ನಡುವೆ ಸಿಕ್ಕಿ ಬಿಗಿಯಾಗುತ್ತದೆ. ಮೊದಲ ದಿನ ಬಾಗಿದ್ದು ಆಮೇಲೆ ಬಾಗದೇ ಇರುವುದು ಇದಕ್ಕೇ. ನೆದರ್ಲೆಂಡ್ಸ್‌ನ ಡಿ ಕೋನಿಂಗ್ ಮತ್ತು ಲೆಮ್‌ಸ್ಟ್ರಾ 1993ರಲ್ಲಿ ಇದನ್ನು ತೋರಿಸಿ, ಮತ್ತೆ ಕಾಯಿಸಿ ಇಟ್ಟರೆ ಕಳೆದುಹೋದ ಬಾಗುವ ಗುಣ ಬಹುಪಾಲು ವಾಪಸ್ ಬರುತ್ತದೆ ಎಂದೂ ತೋರಿಸಿದರು.

ಹಾಗಾಗಿ ಮುರಿಯುತ್ತಿದ್ದ ಹಾಳೆಯ ಪಟ್ಟಿಗಳನ್ನು ಎರಡು ಗಾಜಿನ ನಡುವೆ ಇಟ್ಟು 120 ಡಿಗ್ರಿಯ ಓವನ್‌ನಲ್ಲಿ ಕೆಲವು ಗಂಟೆ ಬಿಟ್ಟೆ. ಪರೀಕ್ಷೆಗೆ ಯಂತ್ರ ಇಲ್ಲ, ಬೇರೆ ಬೇರೆ ದಪ್ಪದ ಉಕ್ಕಿನ ಸರಳುಗಳಿಗೆ ಪಟ್ಟಿಯನ್ನು ಸುತ್ತಿ ಯಾವುದರಲ್ಲಿ ಬಿರುಕು ಬರುತ್ತದೆ ಎಂದು ಬರೆದಿಡುತ್ತೇನೆ. ಕಾಯಿಸದ ಪಟ್ಟಿ ಹೆಬ್ಬೆರಳು ದಪ್ಪದ ಸರಳಿಗೇ ಬಿರುಕು ಬಿಡುತ್ತಿತ್ತು. ಕಾಯಿಸಿದ್ದು ಪೆನ್ಸಿಲ್ ದಪ್ಪದವರೆಗೆ ತಡೆಯಿತು. ಮತ್ತೆ ಡಬ್ಬಿಯಲ್ಲಿಟ್ಟಿದ್ದೇನೆ. ಇನ್ನೂ ಬಾಗುತ್ತದೆ, ಮೊದಲಿನಷ್ಟು ಬೇಗ ಬಿಗಿಯುತ್ತಿಲ್ಲ.

ಇದರ ಜೊತೆಗೆ ಇನ್ನೊಂದು ವಿಷಯ ಇದೆ. ಹರಳು ಎಷ್ಟಿದೆ ಅನ್ನುವುದರಷ್ಟೇ ಮುಖ್ಯ ಅದು ಎಷ್ಟು ದೊಡ್ಡದು ಅನ್ನುವುದು. ಪಿಎಚ್‌ಬಿ ಬಹಳ ಶುದ್ಧ. ಪೆಟ್ರೋಲಿಯಂ ಪ್ಲಾಸ್ಟಿಕ್ಕಿನಲ್ಲಿ ಉಳಿಯುವ ಕ್ಯಾಟಲಿಸ್ಟ್ ಚೂರು ಇದರಲ್ಲಿ ಇರುವುದಿಲ್ಲ, ಹರಳು ಶುರುವಾಗಲು ಜಾಗಗಳೇ ಕಡಿಮೆ. ಶುರುವಾದ ಕೆಲವೇ ಹರಳುಗಳು ಅಗಲವಾಗಿ ಹರಡುತ್ತವೆ, ಆಮೇಲೆ ಅವುಗಳ ಒಳಗೇ ಬಿರುಕು ಬಿಡುತ್ತದೆ. ಹಾಳಾದ ಕ್ಯಾಲ್ಕುಲೇಟರ್ ಪರದೆಯಿಂದ ಎರಡು ಪೋಲರೈಸರ್ ಹಾಳೆ (ಬೆಳಕಿನ ಒಂದು ದಿಕ್ಕಿನ ಕಂಪನವನ್ನು ಮಾತ್ರ ಬಿಡುವ ಹಾಳೆ) ಬಿಡಿಸಿ ಸೂಕ್ಷ್ಮದರ್ಶಕದ ಮೇಲೆ ಕೆಳಗೆ ಅಡ್ಡಡ್ಡ ಇಟ್ಟು ನೋಡಿದೆ. ಕತ್ತಲಲ್ಲಿ ದುಂಡನೆಯ ಬಣ್ಣಬಣ್ಣದ ವೃತ್ತಗಳು, ಪ್ರತಿಯೊಂದರ ಮೇಲೂ ಒಂದು ಕಪ್ಪು ಅಡ್ಡಗೀಟಿನ ಶಿಲುಬೆ, ಸುತ್ತ ಬಳೆಯಂಥ ಪಟ್ಟೆಗಳು. ಅದೇ ಸ್ಫೆರುಲೈಟ್. ಬಿರುಕು ಕೂಡ ಕಣ್ಣಿಗೆ ಕಾಣುತ್ತದೆ. ಪಿಎಚ್‌ಬಿ ಸಿಗದಿದ್ದರೂ ಪರವಾಗಿಲ್ಲ, ಒಂದು ಸಲ ಯಾವುದಾದರೂ ಪಾಲಿಮರ್ ಹಾಳೆಯನ್ನು ಹೀಗೆ ನೋಡಿ.

ಪರಿಹಾರ, ಹರಳು ಶುರುವಾಗಲು ಬೇಕಂತಲೇ ಸಾವಿರಾರು ಜಾಗ ಕೊಡುವುದು. ಕಾರ್ಖಾನೆಯಲ್ಲಿ ಬೋರಾನ್ ನೈಟ್ರೈಡ್ ಹಾಕುತ್ತಾರೆ. ಅದು ದುಬಾರಿ, ನಾನು ಹಾಕಿದ್ದು ನುಣ್ಣನೆ ಟಾಲ್ಕ್ ಪುಡಿ, ಶೇ. 1. ಪಿಎಚ್‌ಬಿಗೆ ಅದೂ ಆಗುತ್ತದೆ. ಎರಡು ಅಲ್ಯೂಮಿನಿಯಂ ತಗಡಿನ ನಡುವೆ ಇಟ್ಟು 180 ಡಿಗ್ರಿಗೆ ಒತ್ತಿ ಬೇಗ ತೆಗೆಯಬೇಕು. ಇಲ್ಲಿ ನಿಧಾನ ಮಾಡುವ ಹಾಗೇ ಇಲ್ಲ, ಪಿಎಚ್‌ಬಿ ಕರಗುವುದಕ್ಕೂ ಸುಟ್ಟು ಸರಪಳಿ ಕಡಿಯುವುದಕ್ಕೂ ನಡುವಿನ ಅಂತರ ಬಹಳ ಕಿರಿದು. ಟಾಲ್ಕ್ ಇರುವ ಹಾಳೆಯಲ್ಲಿ ವೃತ್ತಗಳು ಎಷ್ಟು ಸಣ್ಣದಾದವು ಅಂದರೆ ಒಂದೊಂದಾಗಿ ಬಿಡಿಸಿ ನೋಡಲು ಆಗಲಿಲ್ಲ. ಬಿರುಕು ಸಹ ಕಾಣಲಿಲ್ಲ. ಟ್ರೈಈಥೈಲ್ ಸಿಟ್ರೇಟ್ ಎಂಬ ಮೆತ್ತಗಾಗಿಸುವ ದ್ರವ ಬೆರೆಸಿಯೂ ನೋಡಿದೆ, ಚೆನ್ನಾಗಿ ಬಾಗುತ್ತದೆ. ಆದರೆ ಇಂಥ ದ್ರವ ಕಾಲ ಕಳೆದಂತೆ ಹೊರಗೆ ಬರುತ್ತದೆ, ಅದನ್ನು ನೆಚ್ಚಲು ನನಗೆ ಮನಸ್ಸಿಲ್ಲ.

ಆಸ್ಪತ್ರೆ ಬೇರೆ, ಕಾರ್ಖಾನೆ ಬೇರೆ

ಇದನ್ನು ಹೊಲಿಗೆ ದಾರ, ಮೂಳೆ ಜೋಡಿಸುವ ಪಟ್ಟಿ ಮಾಡಬಹುದಾ ಎಂದು ಹಲವರು ಕೇಳಿದ್ದಾರೆ. ಪಿಎಚ್‌ಬಿ ಒಡೆದಾಗ ಬರುವ ಹೈಡ್ರಾಕ್ಸಿಬ್ಯೂಟಿರಿಕ್ ಆಮ್ಲ ನಮ್ಮ ರಕ್ತದಲ್ಲೇ ಇರುವ ಪದಾರ್ಥ, ಉಪವಾಸ ಮಾಡಿದಾಗ ಲಿವರ್ ತಯಾರಿಸುವ ಕೀಟೋನ್. ದೇಹಕ್ಕೆ ಅದು ಹೊಸತಲ್ಲ. ಆದರೂ ಬರೀ ಪಿಎಚ್‌ಬಿ ದೇಹದೊಳಗೆ ಕರಗಲು ವರ್ಷಗಟ್ಟಲೆ ಬೇಕು, ಮೇಲಾಗಿ ಪೆಡಸು. ಆಸ್ಪತ್ರೆಗೆ ನಿಜವಾಗಿ ಮುಟ್ಟಿರುವುದು ಅದರ ತಮ್ಮ, ಪಿ4ಎಚ್‌ಬಿ. ಕೊಂಡಿಯಲ್ಲಿ ಆಮ್ಲಜನಕ ಕೂತ ಜಾಗ ಬೇರೆ, ಅಷ್ಟೇ ವ್ಯತ್ಯಾಸ. ಅಷ್ಟಕ್ಕೇ ಅದು ಹತ್ತು ಪಟ್ಟು ಹಿಗ್ಗುತ್ತದೆ, 60 ಡಿಗ್ರಿಗೇ ಕರಗುತ್ತದೆ. ಅಮೆರಿಕದ ಟೆಫಾ ಕಂಪನಿ ಜೀನ್ ಬದಲಿಸಿದ ಇ. ಕೋಲಿಯಲ್ಲಿ ಅದನ್ನು ಬೆಳೆಸಿ ಮಾಡಿದ ಹೊಲಿಗೆ ದಾರಕ್ಕೆ 2007ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಹರ್ನಿಯಾ ರಿಪೇರಿಗೆ ಹಾಕುವ ಬಲೆಯೂ ಅದರಿಂದ ಬಂದಿದೆ.

ಇಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ ಶುದ್ಧತೆ. ಇ. ಕೋಲಿ, ನೆಕೇಟರ್ ಎರಡೂ ಗ್ರಾಮ್ ನೆಗೆಟಿವ್, ಅಂದರೆ ಕೋಶಕ್ಕೆ ಇನ್ನೊಂದು ಹೊರಪೊರೆ ಇರುವ ಗುಂಪಿನವು. ಆ ಹೊರಪೊರೆಯ ಎಂಡೋಟಾಕ್ಸಿನ್ ಎಂಬ ವಿಷ ಪ್ಲಾಸ್ಟಿಕ್ಕಿನ ಜೊತೆ ಅಂಟಿಕೊಂಡು ಬರುತ್ತದೆ, ರಕ್ತಕ್ಕೆ ಸೇರಿದರೆ ಜ್ವರ ಬರಿಸುತ್ತದೆ. ದೇಹದೊಳಗೆ ಇಡುವ ಒಂದು ಉಪಕರಣಕ್ಕೆ ಅಮೆರಿಕದ ಮಿತಿ ಸಾಮಾನ್ಯವಾಗಿ 20 ಎಂಡೋಟಾಕ್ಸಿನ್ ಯೂನಿಟ್, ಮಿದುಳು ಬಳ್ಳಿಯ ದ್ರವ ಮುಟ್ಟುವುದಾದರೆ 2.15. ಅಷ್ಟಕ್ಕೆ ಇಳಿಸಲು ಮತ್ತೆ ಮತ್ತೆ ತೊಳೆಯಬೇಕು. ಮೆಗಾಟೇರಿಯಮ್ ಗ್ರಾಮ್ ಪಾಸಿಟಿವ್, ಅದರಲ್ಲಿ ಆ ಹೊರಪೊರೆಯೇ ಇಲ್ಲ. ನನ್ನ ತಳಿ ಉಂಡೆ ಕಡಿಮೆ ಕಟ್ಟಿದರೂ ನಾನು ಬಿಡದೇ ಇರುವ ಎರಡನೇ ಕಾರಣ ಇದು. ನಾನು ಮಾಡಿದ ಹಾಳೆ ಯಾರ ಮೈಯೊಳಗೂ ಹೋಗುವುದಿಲ್ಲ, ಅದು ಪರವಾನಗಿ ಇರುವವರ ಕೆಲಸ. ಆದರೆ ಈ ದಿಕ್ಕಿನಲ್ಲಿ ಬ್ಯಾಸಿಲಸ್ ಜಾತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ನಂಬಿಕೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಬ್ಯಾಸಿಲಸ್ ಪಿಎಚ್‌ಎ ಮೇಲೆ ವರ್ಷಗಳ ಹಿಂದೆಯೇ ಒಳ್ಳೆಯ ಕೆಲಸ ಆಗಿದೆ.

ಕಾರ್ಖಾನೆಯ ಕಡೆ ಲೆಕ್ಕವೇ ಬೇರೆ. ಅಲ್ಲಿ ಊಟದ ಖರ್ಚು, ಕ್ರಿಮಿಶುದ್ಧಿಯ ಖರ್ಚು, ಹೊರಗೆ ತೆಗೆಯುವ ಖರ್ಚು. ಜರ್ಮನಿಯಲ್ಲಿ 1990ರಲ್ಲೇ ವೆಲ್ಲಾ ಶಾಂಪೂ ಬಾಟಲಿ ಈ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಬಂದಿತ್ತು, ಬೆಲೆಯಿಂದಾಗಿ ನಿಲ್ಲಲಿಲ್ಲ. ನನಗೆ ಮನಸ್ಸಿಗೆ ಹತ್ತಿರವಾದದ್ದು ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದ ಸೆರಾನಾದಲ್ಲಿ 1990ರ ದಶಕದಲ್ಲಿ ಶುರುವಾದ ಪ್ರಯತ್ನ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲೇ ಪಿಎಚ್‌ಬಿ ಘಟಕ. ಊಟಕ್ಕೆ ಅಲ್ಲಿನದೇ ಸಕ್ಕರೆ, ಉಗಿಗೆ ಕಬ್ಬಿನ ಸಿಪ್ಪೆ, ಪಿಎಚ್‌ಬಿ ತೆಗೆಯಲು ಕ್ಲೋರೋಫಾರ್ಮ್ ಬದಲು ಅಲ್ಲಿನ ಎಥನಾಲ್ ಭಟ್ಟಿಯಲ್ಲಿ ಉಪ ಉತ್ಪನ್ನವಾಗಿ ಸಿಗುವ ಐಸೋಅಮೈಲ್ ಆಲ್ಕೋಹಾಲ್. ಮಂಡ್ಯ, ಬೆಳಗಾವಿ, ಬಾಗಲಕೋಟೆಯಲ್ಲಿ ಸಕ್ಕರೆ ಇದೆ, ಕಾಕಂಬಿ ಇದೆ, ಸಿಪ್ಪೆ ಇದೆ, ಭಟ್ಟಿಯೂ ಇದೆ. ಇದನ್ನು ಓದಿದ ಮೇಲೆ ನಮ್ಮ ಕಾರ್ಖಾನೆಗಳ ಚಿಮಣಿ ನೋಡುವಾಗಲೆಲ್ಲ ಇದೇ ಯೋಚನೆ. ಚೀನಾದ ಸಿಂಗ್‌ಹುವಾ ವಿಶ್ವವಿದ್ಯಾಲಯದ ಗುಂಪು ಉಪ್ಪು ಇಷ್ಟಪಡುವ ಹ್ಯಾಲೊಮೊನಾಸ್ ಬೆಳೆಸಿ ಕ್ರಿಮಿಶುದ್ಧಿಯ ಖರ್ಚನ್ನೇ ತೆಗೆದುಹಾಕಿದೆ. ಆ ಉಪ್ಪಿನಲ್ಲಿ ಬೇರೆ ಯಾವ ಕ್ರಿಮಿಯೂ ಸುಲಭವಾಗಿ ಬದುಕುವುದಿಲ್ಲ, ಟ್ಯಾಂಕ್ ಬೇಯಿಸುವ ಅಗತ್ಯ ಬೀಳುವುದಿಲ್ಲ.

ಮುಂದಿನ ಬ್ಯಾಚ್

ಟಾಲ್ಕ್, ಕಾಯಿಸುವಿಕೆ ಎಲ್ಲ ಹೊರಗಿನ ಚಿಕಿತ್ಸೆ. ಹರಳು ಅಷ್ಟು ಬಿಗಿಯಾಗಿ ಕೂರದಂತೆ ಮಾಡಬೇಕಾದರೆ ಸರಪಳಿಯಲ್ಲೇ ಬೇರೆ ಆಕಾರದ ಕೊಂಡಿ ನಡುನಡುವೆ ಬರಬೇಕು. ಒಂದು ಇಂಗಾಲ ಜಾಸ್ತಿ ಇರುವ ವ್ಯಾಲರೇಟ್ ಕೊಂಡಿ ಶೇ. 20 ಸೇರಿದರೆ ಕರಗುವ ಬಿಂದು 145ರ ಹತ್ತಿರಕ್ಕೆ ಬರುತ್ತದೆ, ಹಿಗ್ಗುವುದು ಶೇ. 50ರವರೆಗೆ ಹೋಗುತ್ತದೆ. ಜಪಾನಿನ ಕನೇಕಾ ಕಂಪನಿ ಬಳಸುವ ಹೆಕ್ಸನೋಯೇಟ್ ಕೊಂಡಿ ಇನ್ನೂ ಒಳ್ಳೆಯದು, ಏಕೆಂದರೆ ವ್ಯಾಲರೇಟ್ ಹೇಗೋ ಹರಳಿನೊಳಗೆ ನುಸುಳಿ ಕೂರುತ್ತದೆ, ಹೆಕ್ಸನೋಯೇಟ್ ಉದ್ದ ಇರುವುದರಿಂದ ಅಲ್ಲಿ ಹಿಡಿಸುವುದೇ ಇಲ್ಲ. ಆದರೆ ಅದಕ್ಕೆ ಬೇರೆಯ ಕಿಣ್ವ ಬೇಕು, ಜೀನ್ ಕೆಲಸ ಬೇಕು. ನನ್ನ ಕೈಗೆ ಎಟಕುವುದು ವ್ಯಾಲರೇಟ್.

ಅದಕ್ಕೆ ಬೆಲ್ಲದ ಜೊತೆ ಪ್ರೊಪಿಯೋನೇಟ್ ಕೊಡಬೇಕು. ಮೆಗಾಟೇರಿಯಮ್‌ನ ಕೆಲವು ತಳಿಗಳು ಇದರಿಂದ ವ್ಯಾಲರೇಟ್ ಕೊಂಡಿ ಕಟ್ಟುತ್ತವೆ. ಬ್ರೆಡ್ ಹಾಳಾಗದಂತೆ ಬೇಕರಿಯವರು ಹಾಕುವುದು ಇದರ ಕ್ಯಾಲ್ಸಿಯಂ ಲವಣವನ್ನೇ. ಅಲ್ಲಿ ಅದರ ಕೆಲಸ ಬೂಷ್ಟು ತಡೆಯುವುದು, ಜೊತೆಗೆ ಬ್ರೆಡ್ಡಿನೊಳಗೆ ನೂಲಿನ ಹಾಗೆ ಅಂಟು ಬರಿಸುವ ಬ್ಯಾಸಿಲಸ್‌ಗಳನ್ನು ತಡೆಯುವುದು. ನಾನು ಬೆಳೆಸುತ್ತಿರುವುದೂ ಬ್ಯಾಸಿಲಸ್ ಬಳಗವೇ! ಹಾಗಾಗಿ ಮೊದಲೇ ಸುರಿದರೆ ಬೆಳೆಯುವುದೇ ಇಲ್ಲ. ಕೋಶಗಳು ಚೆನ್ನಾಗಿ ಬೆಳೆದು ಸಾರಜನಕ ಮುಗಿಯುವ ಹೊತ್ತಿಗೆ, ಚೂರುಚೂರೇ ಕೊಡಬೇಕು. ಪಿಎಚ್ 7ರ ಹತ್ತಿರವೇ ಇರಬೇಕು, ಹುಳಿ ಹೆಚ್ಚಾದರೆ ಆಮ್ಲ ನೇರವಾಗಿ ಕೋಶದೊಳಗೆ ನುಗ್ಗಿ ಕೊಲ್ಲುತ್ತದೆ. ಕ್ಯಾಲ್ಸಿಯಂ ಲವಣ ಹಾಕಿದರೆ ಫಾಸ್ಫೇಟ್ ಜೊತೆ ಸೇರಿ ತಳದಲ್ಲಿ ಕೂರುತ್ತದೆ, ಅದಕ್ಕೆ ಸೋಡಿಯಂ ಪ್ರೊಪಿಯೋನೇಟ್ ತರಿಸಿದ್ದೇನೆ.

ವ್ಯಾಲರೇಟ್ ಸೇರಿತೋ ಇಲ್ಲವೋ ಎಂದು ಮೊದಲು ನೋಡುವುದು ಲ್ಯಾಬಿನ ಕರಗುವ ಬಿಂದು ಯಂತ್ರದಲ್ಲಿ, ಕ್ಯಾಪಿಲರಿ ಕೊಳವೆಯಲ್ಲಿ ಪುಡಿ ತುಂಬಿ. 175ರಿಂದ ಸ್ಪಷ್ಟವಾಗಿ ಕೆಳಗೆ ಬಂದರೆ ಆಮೇಲೆ ಯಾವ ಕೊಂಡಿ ಎಷ್ಟಿದೆ ಎಂದು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಫಿಗೆ ಹೊರಗೆ ಕಳಿಸುತ್ತೇನೆ. ಅದರ ಜೊತೆ ಮೂರು ಪಟ್ಟಿ ತೋಟದ ಮಣ್ಣಿನಲ್ಲಿ ಹೂಳುತ್ತೇನೆ: ಬರೀ ಪಿಎಚ್‌ಬಿ, ಟಾಲ್ಕ್ ಇರುವುದು, ಹೊಸದು. ಪ್ರತಿ ತಿಂಗಳು ತೆಗೆದು ತೊಳೆದು ಒಣಗಿಸಿ ತೂಕ ಹಾಕುವುದು. ಹರಳು ಕಡಿಮೆಯಾದ ಹಾಳೆ ಮಣ್ಣಿನಲ್ಲಿ ಬೇಗ ಕರಗಬೇಕು, ಏಕೆಂದರೆ ಕಿಣ್ವಗಳು ಮೊದಲು ತಿನ್ನುವುದು ಮೆತ್ತಗಿನ ಭಾಗವನ್ನೇ. ಶೇಕರ್ ಮೇಲೆ ಬ್ಯಾಕ್ಟೀರಿಯಾದ ಹೆಪ್ಪಿನಂಥ ಸಣ್ಣ ಫ್ಲಾಸ್ಕ್ ಈಗಾಗಲೇ ತಿರುಗುತ್ತಿದೆ, ನಾಳೆ ಬೆಳಿಗ್ಗೆ ದೊಡ್ಡ ಫ್ಲಾಸ್ಕಿಗೆ ಹಾಕುತ್ತೇನೆ.